ಬಿಲ್ ಇದೆಯಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹಬ್ಬದ ಖರೀದಿ ಮುಗಿದು ತಿಂಗಳಾಯಿತು ಅಂದರೆ ಈ ಅಂಕಣಕ್ಕೆ ಅಂಗಡಿ ಜಗಳಗಳು ಬರಲು ಶುರು. ಈ ಸಲವೂ ಅಷ್ಟೇ, ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅವೇ. ನಾನು ವಕೀಲಿ ಮಾಡುವ ಮೊದಲು ಅಪ್ಪನ ದಿನಸಿ ಅಂಗಡಿಯ ಗಲ್ಲಾ ಪಕ್ಕ ಕೂತು ಹೋಂವರ್ಕ್ ಮಾಡಿದವಳು. ಹಾಗಾಗಿ ಗಿರಾಕಿ ಕಡೆಗೂ ಒಂದು ಕಣ್ಣು, ಅಂಗಡಿ ಕಡೆಗೂ ಒಂದು ಕಣ್ಣು. ಹೆಸರು ಹಾಕಬೇಡಿ ಅಂತ ತುಂಬ ಜನ ಕೇಳಿದ್ದರಿಂದ ಊರು ಮಾತ್ರ ಹಾಕಿದ್ದೇನೆ.

ಹಾಸನದಿಂದ: ಮಗಳ ನಿಶ್ಚಿತಾರ್ಥಕ್ಕೆ 14,500 ರೂಪಾಯಿ ಕೊಟ್ಟು ರೇಷ್ಮೆ ಸೀರೆ ತಂದೆವು ಮೇಡಂ. ಉಟ್ಟಿದ್ದು ಒಂದೇ ಸಲ, ಅದೂ ನಾಲ್ಕು ಗಂಟೆ. ಮಡಿಸುವಾಗ ನೋಡಿದರೆ ಸೆರಗಿನ ಹತ್ತಿರ ಜರಿ ಎಳೆ ಎದ್ದಿದೆ, ನೆರಿಗೆ ಬರುವ ಕಡೆ ಬಟ್ಟೆ ಪಿಸಿದಿದೆ. ಅಂಗಡಿಯವರು ಮಾತೇ ಆಡದೆ ಗೋಡೆ ಮೇಲಿನ ಬೋರ್ಡ್ ತೋರಿಸಿದರು: ‘ಒಮ್ಮೆ ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.’ ಬಿಲ್ಲಿನ ಕೆಳಗೂ ಅದೇ ಸಾಲು ಇದೆ. ಕೊಂಡು ಮೂರು ವಾರ ಆಯ್ತು. ಇನ್ನೇನೂ ಮಾಡೋಕಾಗಲ್ವಾ?

ಆಗುತ್ತೆ. ಆ ಬೋರ್ಡ್ ಬರೆದವನು ಪೇಂಟರ್, ಪಾರ್ಲಿಮೆಂಟ್ ಅಲ್ಲ. ಪಾರ್ಲಿಮೆಂಟ್ ಬರೆದದ್ದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019. ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ವಾಪಸ್ ತೆಗೆದುಕೊಂಡು ಹಣ ಕೊಡಲು ಅಂಗಡಿಯವರು ಒಪ್ಪದಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ ಅಂತ ಈ ಕಾಯ್ದೆ ಹೇಳುತ್ತದೆ. ಬಿಲ್ಲಿನಲ್ಲಿ ಅವಧಿಯೇ ಹೇಳಿಲ್ಲ ಅಂದರೆ 30 ದಿನ. ನಿಮ್ಮ ಬಿಲ್ಲಿನಲ್ಲಿ ಅವಧಿ ಇಲ್ಲ, ‘ಇಲ್ಲ’ ಅನ್ನುವ ಮಾತು ಮಾತ್ರ ಇದೆ. ಮೂರು ವಾರ ಕಳೆದಿದೆ ಅಂತೀರಿ, ಅಂದರೆ ನಿಮ್ಮ ಕೈಲಿ ಇನ್ನೊಂದು ವಾರ ಇದೆ. ಈ ಪತ್ರಿಕೆ ನಿಮ್ಮ ಕೈ ಸೇರುವಷ್ಟರಲ್ಲಿ ಅದೂ ಮುಗಿದಿರಬಹುದು ಅಂತ ನಿಮಗೆ ಆಗಲೇ ಇಮೇಲ್ ಮಾಡಿದ್ದೇನೆ.

ಆದರೆ ಜಗಳ ನಡೆಯೋದು ಬೋರ್ಡ್ ಮೇಲಲ್ಲ. ‘ದೋಷ ನಮ್ಮದಲ್ಲ, ನಿಮ್ಮ ಬಳೆ ತಾಗಿ ಎಳೆ ಎದ್ದಿದೆ’ ಅಂತಾರೆ ನೋಡಿ, ಅಲ್ಲಿ. ನಿಜ ಹೇಳಬೇಕೆಂದರೆ ಜರಿ ಎಳೆಯ ವಿಷಯದಲ್ಲಿ ಅವರ ಮಾತಿಗೂ ಸ್ವಲ್ಪ ಬಲ ಇದೆ. ಸೆರಗಿಗೆ ಬಳೆ, ಪಿನ್ನು ತಾಗುತ್ತೆ, ನನ್ನ ಸೀರೆಗಳಿಗೂ ತಾಗಿದೆ. ನೆರಿಗೆ ಭಾಗದಲ್ಲಿ ಪಿಸಿದಿರುವುದಕ್ಕೆ ಮಾತ್ರ ಬಳೆ ನೆಪ ನಡೆಯಲ್ಲ, ನಾಲ್ಕು ಗಂಟೆ ಉಟ್ಟ ಹೊಸ ಸೀರೆ ಅಲ್ಲಿ ಹಾಗೆ ಪಿಸಿಯಬಾರದು. ಆದ್ದರಿಂದ ದೂರಿನಲ್ಲಿ ಅದನ್ನೇ ಮುಂದಿಡಿ. ಬೆಳಗಿನ ಬೆಳಕಲ್ಲಿ, ಟ್ಯಾಗ್ ಕೂಡ ಕಾಣುವ ಹಾಗೆ ಫೋಟೋ ತೆಗೆಯಿರಿ. ಡ್ರೈಕ್ಲೀನಿಂಗ್‌ಗೆ ಕೊಡಬೇಡಿ, ರಫೂ ಮಾಡಿಸಬೇಡಿ. ಕೊಟ್ಟಿರೋ, ‘ಅಲ್ಲೇ ಹಾಳಾಗಿದ್ದು’ ಅಂತ ಕೈ ತೊಳೆದುಕೊಳ್ಳುತ್ತಾರೆ. ಇಂಥ ದಿನ ಕೊಂಡೆ, ಇಂಥ ದೋಷ ಇದೆ, ಬದಲಿ ಕೊಡಿ ಇಲ್ಲವೇ ಹಣ ಕೊಡಿ ಅಂತ ಒಂದು ಹಾಳೆಯಲ್ಲಿ ಬರೆದು ಬಿಲ್ಲಿನ ಜೆರಾಕ್ಸ್ ಜೊತೆ ಕೊಟ್ಟು, ಇನ್ನೊಂದು ಪ್ರತಿಗೆ ಸೀಲು-ಸಹಿ ಕೇಳಿ. ಹಾಕಲ್ಲ ಅಂದರೆ ಅಲ್ಲಿಂದ ನೇರ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ. ರಸೀತಿ ಜೋಪಾನ.

‘ಪ್ಯೂರ್ ಸಿಲ್ಕ್’ ಅಂತ ಹೇಳಿ ಮಾರಿದ್ದು ಅಂತಲೂ ಬರೆದಿದ್ದೀರಿ. ಸಿಲ್ಕ್ ಮಾರ್ಕ್ ಲೇಬಲ್ ಇದೆಯಾ ನೋಡಿ, ಅದು ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದ ಗುರುತು. ಇಲ್ಲದಿದ್ದರೆ ಅಂಚಿನಲ್ಲಿ ನೇತಾಡುವ ಒಂದೆರಡು ಎಳೆ ಕಿತ್ತು ಬೆಂಕಿಕಡ್ಡಿ ತಾಗಿಸಿ. ಅಸಲಿ ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೆರಳಲ್ಲಿ ಒತ್ತಿದರೆ ಬೂದಿ ಪುಡಿಯಾಗುತ್ತೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತೆ. ಮಣಿ ಆಯಿತು ಅಂದರೆ ಆಗ ನಿಮ್ಮದು ಪಿಸಿದ ಸೀರೆಯ ದೂರಲ್ಲ, ಸುಳ್ಳು ಹೇಳಿ ಮಾರಿದ ದೂರು. ಅದು ಇನ್ನೂ ಗಟ್ಟಿ.

ಇದೇ ವಿಷಯಕ್ಕೆ ಮೈಸೂರಿನ ಒಬ್ಬರು ‘ಮನೆಗೆ ಬಂದ ಮೇಲೆ ಬಣ್ಣ ಇಷ್ಟವಾಗಲಿಲ್ಲ, 30 ದಿನದ ಹಕ್ಕು ಇದೆ ಅಲ್ವಾ’ ಅಂತ ಕೇಳಿದ್ದಾರೆ. ಇಲ್ಲ. ಆ 30 ದಿನ ದೋಷಕ್ಕೆ, ಮನಸ್ಸು ಬದಲಾಗಿದ್ದಕ್ಕಲ್ಲ. ಬಣ್ಣ, ಸೈಜು, ಅತ್ತೆಗೆ ಹಿಡಿಸಲಿಲ್ಲ, ಪಕ್ಕದ ಅಂಗಡಿಯಲ್ಲಿ ಕಡಿಮೆಗೆ ಸಿಕ್ಕಿತು: ಇದಕ್ಕೆಲ್ಲ ಅಂಗಡಿಯವರು ಬದಲಿಸಿ ಕೊಟ್ಟರೆ ಅದು ಅವರ ದೊಡ್ಡತನ ಅಷ್ಟೇ. ‘ಏಳು ದಿನದಲ್ಲಿ ಎಕ್ಸ್‌ಚೇಂಜ್’ ಅಂತ ಅವರೇ ಬರೆದಿದ್ದರೆ ಮಾತ್ರ ಆ ಮಾತಿಗೆ ಅವರನ್ನು ಹಿಡಿಯಬಹುದು. ಹಣ ಕೊಡುವ ಮೊದಲೇ ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ.

ದಾವಣಗೆರೆಯಿಂದ: ಬಸ್ ಸ್ಟ್ಯಾಂಡ್ ಅಂಗಡೀಲಿ 20 ರೂಪಾಯಿ ನೀರಿನ ಬಾಟಲ್‌ಗೆ 25 ತಗೊಂಡ್ರು. ಕೇಳಿದ್ರೆ ‘ಫ್ರಿಜ್ ಕರೆಂಟ್ ನೀವ್ ಕಟ್ತೀರಾ’ ಅಂದ್ರು.

ಕಟ್ಟಿದ್ದೀರಿ, ಆ 20ರಲ್ಲೇ. ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿ ಗರಿಷ್ಠ ಬೆಲೆ, ಅದರ ಮೇಲೆ ಕೂಲಿಂಗ್ ಚಾರ್ಜ್ ಅಂತ ಒಂದು ರೂಪಾಯಿಯೂ ಕೇಳುವ ಹಾಗಿಲ್ಲ. ಪೊಟ್ಟಣಗಳ ಬಗ್ಗೆ 2011ರ ನಿಯಮ ಇದನ್ನು ನೇರವಾಗಿ ಹೇಳುತ್ತದೆ. ಎಂಆರ್‌ಪಿ ಮೇಲೆ ಹೆಚ್ಚಿನ ಬೆಲೆಯ ಸ್ಟಿಕ್ಕರ್ ಅಂಟಿಸುವುದೂ ತಪ್ಪು. ಕಮ್ಮಿಗೆ ಮಾರಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ದೂರು ಕೊಡಬೇಕಾದದ್ದು ಕಾನೂನು ಮಾಪನಶಾಸ್ತ್ರ ಇಲಾಖೆಗೆ, ನಮ್ಮ ಕಡೆ ಜನ ಇನ್ನೂ ತೂಕ-ಅಳತೆ ಇಲಾಖೆ ಅಂತಲೇ ಕರೆಯುತ್ತಾರೆ. ಯುಪಿಐನಲ್ಲಿ 25 ಕಳಿಸಿ, ಬಾಟಲ್ ಮೇಲಿನ ಬೆಲೆಯ ಫೋಟೋ ಇಟ್ಟುಕೊಂಡರೆ ಸಾಕ್ಷಿ ತಾನಾಗೇ ಸಿದ್ಧ.

ಒಂದು ಎಚ್ಚರಿಕೆ. ಇದೇ ಬಾಟಲನ್ನು ಹೋಟೆಲಿನಲ್ಲಿ ಕೂತು ತರಿಸಿಕೊಂಡರೆ ಲೆಕ್ಕ ಬೇರೆ. ಹೋಟೆಲ್, ರೆಸ್ಟೋರೆಂಟ್‌ನವರು ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿದೆ. ಅಲ್ಲಿ ನೀವು ಬರೀ ನೀರು ಕೊಳ್ಳುತ್ತಿಲ್ಲ, ಕುರ್ಚಿ, ಫ್ಯಾನು, ತಂದುಕೊಡುವವನ ಸೇವೆ ಎಲ್ಲ ಸೇರಿದೆ ಅನ್ನುವುದು ವಾದ. ನನಗೆ ಅದು ಅಷ್ಟಾಗಿ ರುಚಿಸಲಿಲ್ಲ, ಆದರೆ ತೀರ್ಪು ತೀರ್ಪೇ. ಬಸ್ ಸ್ಟ್ಯಾಂಡಿನ ಗೂಡಂಗಡಿಗೆ ಇದು ಅನ್ವಯಿಸಲ್ಲ.

ಉಡುಪಿಯಿಂದ: ತಂಗಿ ಮದುವೆಗೆ ಚಿನ್ನದ ಸರ ಕೊಳ್ಳುತ್ತಿದ್ದೇವೆ. ಪರಿಚಯದ ಅಂಗಡಿ, ಅಜ್ಜನ ಕಾಲದಿಂದ ವ್ಯವಹಾರ ಇದೆ. ‘ಬಿಲ್ ಬೇಡ ಅಂದ್ರೆ ಟ್ಯಾಕ್ಸ್ ಉಳಿಯುತ್ತೆ, ಎಸ್ಟಿಮೇಟ್ ಚೀಟಿ ಕೊಡ್ತೇನೆ’ ಅಂತಿದ್ದಾರೆ. ಒಳ್ಳೆಯದಾ?

ಅವರಿಗೆ ಒಳ್ಳೆಯದು. ಚಿನ್ನಕ್ಕೆ ಜಿಎಸ್‌ಟಿ 3 ಪರ್ಸೆಂಟು, ಅಂದರೆ ಲಕ್ಷಕ್ಕೆ 3,000 ರೂಪಾಯಿ. ಆ 3,000 ಉಳಿಸಲು ಹೋಗಿ ನಿಮ್ಮ ಕೈಲಿ ಉಳಿಯೋದು ಸಹಿ ಇಲ್ಲದ, ನಂಬರಿಲ್ಲದ, ಒಮ್ಮೊಮ್ಮೆ ಅಂಗಡಿ ಹೆಸರೂ ಇಲ್ಲದ ಒಂದು ಹಳದಿ ಚೀಟಿ. ನಾಳೆ ಚಿನ್ನ ಕಮ್ಮಿ ಶುದ್ಧ ಅಂತ ಗೊತ್ತಾದರೆ ‘ಇದು ನಮ್ಮ ಅಂಗಡಿಯದ್ದೇ ಅಲ್ಲ’ ಅಂದುಬಿಟ್ಟರೆ ನೀವೇನು ಮಾಡ್ತೀರಿ? ಅಜ್ಜನನ್ನು ಸಾಕ್ಷಿಗೆ ಕರೆಯೋಕಾಗಲ್ಲ.

ಕೊಳ್ಳುವಾಗ ಅಂಗಡಿಯವರ ಹತ್ತಿರ ಭೂತಗನ್ನಡಿ ಕೇಳಿ, ಅವರ ಹತ್ತಿರ ಇದ್ದೇ ಇರುತ್ತೆ. ಸರದ ಕೊಂಡಿ ಹತ್ತಿರ ಮೂರು ಗುರುತು ಕಾಣಬೇಕು. ಬಿಐಎಸ್‌ನ (ಅಂದರೆ ಸರ್ಕಾರದ ಗುಣಮಟ್ಟ ಸಂಸ್ಥೆ ಭಾರತೀಯ ಮಾನಕ ಬ್ಯೂರೋದ) ತ್ರಿಕೋನದಂಥ ಚಿಹ್ನೆ ಒಂದು. ಶುದ್ಧತೆ ಇನ್ನೊಂದು, 22 ಕ್ಯಾರೆಟ್ ಅಂದರೆ 916. ಮೂರನೆಯದು ಪ್ರತಿ ಒಡವೆಗೂ ಬೇರೆ ಬೇರೆ ಇರುವ, ಅಕ್ಷರ-ಅಂಕಿ ಬೆರೆತ ಆರು ಸ್ಥಾನದ ಗುರುತು ಎಚ್‌ಯುಐಡಿ, 2023ರ ಏಪ್ರಿಲ್ 1ರಿಂದ ಇದಿಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಈ ಆರು ಸ್ಥಾನವನ್ನು ಅಲ್ಲೇ ನಿಂತು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ. ಯಾವ ಒಡವೆ, ಶುದ್ಧತೆ ಎಷ್ಟು, ಯಾವ ಕೇಂದ್ರದಲ್ಲಿ ಗುರುತು ಹಾಕಿದರು, ಎಲ್ಲ ಬರುತ್ತದೆ. ನಿಮ್ಮ ಕೈಲಿ ಸರ ಇದ್ದು ಆ್ಯಪ್ ‘ಉಂಗುರ’ ಅಂತ ತೋರಿಸಿದರೆ ಸುಮ್ನೆ ಎದ್ದು ಬನ್ನಿ. 2 ಗ್ರಾಂಗಿಂತ ಕಡಿಮೆ ಇರುವ ಮೂಗುಬೊಟ್ಟಿನಂಥವಕ್ಕೆ ಹಾಲ್‌ಮಾರ್ಕ್ ಕಡ್ಡಾಯ ಇಲ್ಲ, ಅದಕ್ಕೆ ಗಾಬರಿ ಬೇಡ.

ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ, ಕ್ಯಾರೆಟ್, ಹಾಲ್‌ಮಾರ್ಕ್ ಶುಲ್ಕ ಬೇರೆ ಬೇರೆಯಾಗಿ ಇರಬೇಕು. ಕಲ್ಲು ಇದ್ದರೆ ಕಲ್ಲಿನ ತೂಕ ಕಳೆದಿದ್ದಾರಾ ನೋಡಿ, ಹರಳಿಗೆ ಚಿನ್ನದ ಬೆಲೆ ಕೊಡುವುದು ಇಲ್ಲೇ. ಮುಂದೆ ಪರೀಕ್ಷೆ ಮಾಡಿಸಿದಾಗ ಹೇಳಿದ ಶುದ್ಧತೆ ಬರದಿದ್ದರೆ, ಎಷ್ಟು ಕಮ್ಮಿಯೋ ಆ ವ್ಯತ್ಯಾಸದ ಎರಡು ಪಟ್ಟು ಹಣ ಮತ್ತು ಪರೀಕ್ಷೆಯ ಖರ್ಚನ್ನು ಅಂಗಡಿಯವರು ಕೊಡಬೇಕು ಅಂತ ಬಿಐಎಸ್ ನಿಯಮವೇ ಹೇಳುತ್ತದೆ. ಎಸ್ಟಿಮೇಟ್ ಚೀಟಿ ಹಿಡಿದು ಇದನ್ನು ಕೇಳಲು ಹೋದರೆ ಚಹಾ ಕೊಟ್ಟು ಕಳಿಸುತ್ತಾರೆ. ವೇಸ್ಟೇಜ್ ಎಷ್ಟು ಹಾಕಬೇಕು ಅಂತ ಮಾತ್ರ ಕಾನೂನು ಇಲ್ಲ, ಅದು ನಿಮ್ಮ ಚೌಕಾಸಿ.

ಹುಬ್ಬಳ್ಳಿಯಿಂದ: ಸ್ವೀಟ್ ಅಂಗಡ್ಯಾಗ ಪೇಡೆ ತಗೊಂಡ್ರ ಡಬ್ಬಿ ಸಮೇತ ತೂಗ್ತಾರ್ರೀ. ಇದು ಸರೀನೇನು?

ಸರಿಯಲ್ಲರೀ. ತೂಕಕ್ಕೆ ಹಣ ಅಂದರೆ ಒಳಗಿನ ಮಾಲಿಗೆ ಹಣ. ಲೆಕ್ಕ ಹಾಕಿ ನೋಡಿ, ಕೆಜಿಗೆ 600 ರೂಪಾಯಿ ಪೇಡೆ, ದಪ್ಪ ರಟ್ಟಿನ ಡಬ್ಬಿ 100 ಗ್ರಾಂ ತೂಗಿದರೆ ನೀವು ರಟ್ಟಿಗೆ 60 ರೂಪಾಯಿ ಕೊಟ್ಟಿರಿ. ಮದುವೆಗೆ ಅಂತ ಐವತ್ತು ಡಬ್ಬಿ ತಂದರೆ 3,000. ಈಗಿನ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ‘ಟೇರ್’ ಅಂತ ಒಂದು ಬಟನ್ ಇರುತ್ತೆ. ಖಾಲಿ ಡಬ್ಬಿ ಇಟ್ಟು ಅದನ್ನು ಒತ್ತಿದರೆ ಅಂಕಿ ಸೊನ್ನೆಗೆ ಬರುತ್ತೆ, ಆಮೇಲೆ ಪೇಡೆ ತುಂಬಿದರೆ ಬರೋದು ಪೇಡೆಯ ತೂಕ ಮಾತ್ರ. ‘ಅಣ್ಣಾ, ಡಬ್ಬಿ ಇಟ್ಟು ಸೊನ್ನೆ ಮಾಡ್ರಿ’ ಅಂತ ನಗುತ್ತಲೇ ಹೇಳಿ. ಹತ್ತರಲ್ಲಿ ಒಂಬತ್ತು ಜನ ಮಾತಾಡದೆ ಒತ್ತುತ್ತಾರೆ, ಅವರಿಗೂ ಗೊತ್ತು. ಡಬ್ಬಿಗೆ ಬೇರೆ ದುಡ್ಡು ಅಂದರೆ ಅವರು ಮೊದಲೇ ಹೇಳಿ, ಬಿಲ್ಲಿನಲ್ಲಿ ಬೇರೆ ಬರೆಯಲಿ. ತಕ್ಕಡಿಗೆ ಇಲಾಖೆಯ ಮುದ್ರೆ ಇದೆಯಾ, ಪ್ರಮಾಣಪತ್ರ ಗೋಡೆ ಮೇಲಿದೆಯಾ ಅಂತಲೂ ಒಮ್ಮೆ ಕಣ್ಣು ಹಾಯಿಸಿ. ಅಪ್ಪನ ಅಂಗಡಿಗೆ ಮುದ್ರೆ ಹಾಕಿಸುವ ದಿನ ಅಂದರೆ ಬಟ್ಟುಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕುವ ಕೆಲಸ ನನ್ನದೇ ಆಗಿತ್ತು.

ತುಮಕೂರಿನಿಂದ: ಗೃಹಪ್ರವೇಶಕ್ಕೆ ತಮ್ಮ 6,800 ರೂಪಾಯಿಯ ಮಿಕ್ಸಿ ಕೊಡಿಸಿದ. ಮೂರನೇ ತಿಂಗಳಿಗೆ ಸುಟ್ಟ ವಾಸನೆ ಬಂದು ನಿಂತುಹೋಯಿತು. ಅಂಗಡಿಯವರು ‘ನಮ್ಮ ಕೆಲಸ ಮಾರೋದು ಅಷ್ಟೇ, ಸರ್ವಿಸ್ ಸೆಂಟರ್‌ಗೆ ಹೋಗಿ’ ಅಂದರು. ಅಲ್ಲಿ ಮೂರು ಸಲ ರಿಪೇರಿ ಮಾಡಿದರು, ಮೂರು ಸಲವೂ ಅದೇ ಕಥೆ. ಈಗ ‘ನೀವು ಓವರ್‌ಲೋಡ್ ಮಾಡ್ತೀರಿ’ ಅಂತಾರೆ. ಬಿಲ್ ತಮ್ಮನ ಹೆಸರಲ್ಲಿದೆ. ಬಿಲ್ಲನ್ನೂ ಕಳಿಸಿದ್ದೇನೆ, ನೋಡಿ.

ನೋಡಿದೆ. ನೀವು ಬಿಲ್ ಅಂತ ಕಳಿಸಿದ ಕಾಗದ ಪೂರ್ತಿ ಬಿಳಿ. ಕಿಟಕಿ ಹತ್ತಿರ ಓರೆಯಾಗಿ ಹಿಡಿದಾಗ ಕೊನೆಯ ಸಾಲಿನ ‘ಥ್ಯಾಂಕ್ ಯೂ’ ಮಾತ್ರ ಸ್ವಲ್ಪ ಕಂಡಿತು. ಇದು ಥರ್ಮಲ್ ಪೇಪರ್. ಇದರಲ್ಲಿ ಶಾಯಿ ಇರುವುದಿಲ್ಲ, ಕಾಗದದ ಮೇಲಿನ ಲೇಪ ಬಿಸಿಗೆ ಕಪ್ಪಾಗಿ ಅಕ್ಷರ ಮೂಡುತ್ತದೆ. ಅಡುಗೆಮನೆ ಕ್ಯಾಲೆಂಡರ್ ಹಿಂದೆ, ಎಣ್ಣೆ, ಹಬೆ ತಾಗುವ ಕಡೆ ಸಿಕ್ಕಿಸಿಟ್ಟರೆ ಅಳಿಸಿಹೋಗುತ್ತದೆ. ನೀವೂ ಅಲ್ಲೇ ಇಟ್ಟಿರಬೇಕು, ಮೂಲೆಯಲ್ಲಿ ಒಗ್ಗರಣೆ ಎಣ್ಣೆಯ ಕಲೆ ಇದೆ! ಬೈಯುತ್ತಿಲ್ಲ, ನಾನೂ ಹಾಗೇ ಎರಡು ಬಿಲ್ ಕಳೆದುಕೊಂಡಿದ್ದೇನೆ. ಇನ್ನು ಮೇಲೆ ಮನೆಗೆ ಬಂದ ತಕ್ಷಣ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದುಬಿಡಿ.

ಬಿಲ್ ಅಳಿಸಿದರೆ ಕೇಸು ಅಳಿಸಲ್ಲ. ತಮ್ಮ ಯುಪಿಐ ಅಥವಾ ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ತಾರೀಖು, ಮೊತ್ತ ಎರಡೂ ಸಿಗುತ್ತದೆ. ಅದನ್ನು ಹಿಡಿದು ಅಂಗಡಿಗೆ ಹೋಗಿ ಡುಪ್ಲಿಕೇಟ್ ಬಿಲ್ ಕೇಳಿ. ‘ಹಳೇದೆಲ್ಲ ಇಲ್ಲ’ ಅಂದರೆ ನಂಬಬೇಡಿ. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ ಆರು ವರ್ಷವಾದರೂ ಲೆಕ್ಕಪತ್ರ ಇಟ್ಟಿರಲೇಬೇಕು, ಇದಿನ್ನೂ ವರ್ಷವೂ ಆಗಿಲ್ಲ. ಸರ್ವಿಸ್ ಸೆಂಟರ್‌ನವರು ಕೊಟ್ಟ ಮೂರು ಜಾಬ್ ಶೀಟ್ (ಏನು ರಿಪೇರಿ ಅಂತ ಬರೆದ ಚೀಟಿ) ಇದ್ದರೆ ಅದು ಬಿಲ್ಲಿಗಿಂತ ದೊಡ್ಡ ಆಸ್ತಿ. ವಾರಂಟಿ ಒಳಗಿದೆ ಅಂತ ಒಪ್ಪಿಯೇ ಅವರು ಪುಕ್ಕಟೆ ರಿಪೇರಿ ಮಾಡಿದ್ದು ಅಲ್ವಾ? ಅದೇ ಮೋಟಾರು ಮೂರು ಸಲ ಹೋಗಿದೆ ಅಂತ ಅವರದೇ ಕೈಬರಹದಲ್ಲಿ ಇದೆ.

ಹೆಸರಿನ ಚಿಂತೆ ಬಿಡಿ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಕಾಯ್ದೆಯ ಪ್ರಕಾರ ಗ್ರಾಹಕರೇ. ಉಡುಗೊರೆ ಪಡೆದ ಅಕ್ಕನೂ ದೂರು ಕೊಡಬಹುದು.

ಇನ್ನು ‘ನಮ್ಮ ಕೆಲಸ ಮಾರೋದು ಅಷ್ಟೇ’ ಅನ್ನುವ ಮಾತು. ಹಣ ತೆಗೆದುಕೊಂಡಿದ್ದು ಯಾರು? ಅಂಗಡಿಯವರು. ವಾರಂಟಿ ಕಾರ್ಡು ಕಂಪನಿಯದ್ದು, ನಿಜ, ರಿಪೇರಿಗೆ ಮೊದಲು ಅಲ್ಲಿಗೇ ಹೋಗಬೇಕು, ಅದೂ ನಿಜ, ಆದರೆ ಮೂರು ಸಲ ಹೋಗಿ ಬಂದ ಮೇಲೂ ಅಂಗಡಿಯವರು ಕೈಚೆಲ್ಲಿ ಕೂರುವ ಹಾಗಿಲ್ಲ. ಕಂಪನಿ ಮತ್ತು ಅಂಗಡಿ ಇಬ್ಬರನ್ನೂ ಸೇರಿಸಿ ನೋಟಿಸ್ ಕೊಡಿ, ಹದಿನೈದು ದಿನದಲ್ಲಿ ಹೊಸ ಮಿಕ್ಸಿ ಇಲ್ಲವೇ 6,800 ವಾಪಸ್ ಅಂತ. ಓವರ್‌ಲೋಡ್ ಅಂತ ಹೇಳಿದವರನ್ನು ಅದನ್ನೇ ಬರೆದು ಸಹಿ ಹಾಕಿ ಕೊಡಿ ಅನ್ನಿ. ಬಾಯಲ್ಲಿ ಹೇಳೋದು ಸುಲಭ, ಕಾಗದಕ್ಕೆ ಬಂದರೆ ಕೈ ನಡುಗುತ್ತೆ. ಗ್ರಾಹಕರ ದೂರು ವಿಚಾರಿಸುವ ಗ್ರಾಹಕ ಆಯೋಗಕ್ಕೆ ಹೋದಾಗ ಅಗತ್ಯ ಬಿದ್ದರೆ ಮಿಕ್ಸಿಯನ್ನು ಲ್ಯಾಬಿಗೂ ಕಳಿಸುತ್ತಾರೆ. ಅಲ್ಲಿಯವರೆಗೆ ಅದನ್ನು ಗುಜರಿಗೆ ಹಾಕಬೇಡಿ, ಪಕ್ಕದ ರಸ್ತೆಯ ಮೆಕ್ಯಾನಿಕ್ ಕೈಲಿ ಬಿಚ್ಚಿಸಲೂ ಬೇಡಿ.

ಬೆಂಗಳೂರಿನಿಂದ: ಮಾಲ್‌ನಲ್ಲಿ ಬಟ್ಟೆ ಕೊಂಡರೆ ಬ್ಯಾಗಿಗೆ 10 ರೂಪಾಯಿ, ಜೊತೆಗೆ ಮೊಬೈಲ್ ನಂಬರ್ ಕೊಡದಿದ್ದರೆ ‘ಸಿಸ್ಟಮ್ ಬಿಲ್ ತಗೊಳಲ್ಲ’ ಅಂತಾರೆ.

ಬ್ಯಾಗಿನ ಕಥೆ ದೊಡ್ಡದು. ಚಂಡೀಗಢದಲ್ಲಿ 2019ರಲ್ಲಿ ಒಬ್ಬ ಗ್ರಾಹಕ 3 ರೂಪಾಯಿಯ ಕಾಗದದ ಚೀಲಕ್ಕಾಗಿ ಚಪ್ಪಲಿ ಅಂಗಡಿ ಮೇಲೆ ಕೇಸು ಹಾಕಿದ, ಅಲ್ಲಿನ ಗ್ರಾಹಕ ವೇದಿಕೆ (ಈಗಿನ ಜಿಲ್ಲಾ ಆಯೋಗದ ಹಳೇ ಹೆಸರು) ಅಂಗಡಿಗೆ 9,000 ರೂಪಾಯಿ ಕಟ್ಟಿಸಿತು. ಆಮೇಲೆ 2020ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವೂ ಇನ್ನೊಂದು ಪ್ರಕರಣದಲ್ಲಿ ಇದೇ ದಾರಿ ಹಿಡಿಯಿತು: ಮೊದಲೇ ತಿಳಿಸದೆ, ದುಡ್ಡು ಕೊಡುವ ಕೌಂಟರಿನಲ್ಲಿ ಬ್ಯಾಗಿನ ಬೆಲೆ ಸೇರಿಸುವುದು ಅನುಚಿತ. ಗಮನಿಸಿ, ‘ಮೊದಲೇ ತಿಳಿಸದೆ’. ಒಳಗೆ ಬರುವಾಗಲೇ ಎದ್ದು ಕಾಣುವ ಹಾಗೆ ಬೋರ್ಡ್ ಇದ್ದರೆ ನಿಮ್ಮ ವಾದ ಸೊರಗುತ್ತೆ. ಮನೆಯಿಂದ ಚೀಲ ಒಯ್ಯಿರಿ.

ನಂಬರ್ ವಿಷಯ: ಮೊಬೈಲ್ ನಂಬರಿಗಾಗಿ ಗ್ರಾಹಕರನ್ನು ಒತ್ತಾಯಿಸಬೇಡಿ ಅಂತ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವಾಲಯ 2023ರ ಮೇ ತಿಂಗಳಲ್ಲೇ ಅಂಗಡಿಯವರಿಗೆ ಹೇಳಿದೆ. ಸಿಸ್ಟಮ್ ತಗೊಳಲ್ಲ ಅಂದರೆ ‘ಸರಿ, ನಿಮ್ಮ ಅಂಗಡಿ ನಂಬರನ್ನೇ ಹಾಕಿ’ ಅನ್ನಿ. ತಗೊಳುತ್ತೆ.

ಶಿರಸಿಯಿಂದ: ನಾನು ಗಿರಾಕಿ ಅಲ್ಲ, ಅಂಗಡಿಯವ. ಹಿಟ್ಟಿನ ಪ್ಯಾಕೆಟ್ ಒಡೆದು, ಅರ್ಧ ರೊಟ್ಟಿ ಮಾಡಿ ತಿಂದು, ‘ಹುಳ ಇದೆ’ ಅಂತ ವಾಪಸ್ ತರುತ್ತಾರೆ. ತಗೋಬೇಕಾ? ಇನ್ನೊಂದು, ಅಂಗಡಿಗೆ ಅಂತ ಕೊಂಡ ಡೀಪ್ ಫ್ರೀಜರ್ ಎರಡೇ ತಿಂಗಳಿಗೆ ಕೆಟ್ಟಿದೆ. ವ್ಯಾಪಾರಿ ಆದವನಿಗೆ ಗ್ರಾಹಕ ಕಾನೂನು ಇಲ್ಲ ಅಂತ ಹೇಳ್ತಾರಲ್ಲ?

ನಿಮ್ಮ ಪತ್ರ ಓದಿ ಖುಷಿ ಆಯ್ತು, ಕೌಂಟರಿನ ಆ ಕಡೆಯವರು ಬರೆಯೋದೇ ಇಲ್ಲ. ಫ್ರೀಜರ್ ಮೊದಲು. ವಾಣಿಜ್ಯ ಉದ್ದೇಶಕ್ಕೆ ಕೊಂಡರೆ ಗ್ರಾಹಕರಲ್ಲ ಅನ್ನುವುದು ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಮಾಡುವ ಉದ್ಯೋಗಕ್ಕಾಗಿ ಕೊಂಡವರನ್ನು ಕಾಯ್ದೆ ಇದರಿಂದ ಬಿಟ್ಟಿದೆ. ನೀವು, ನಿಮ್ಮ ಹೆಂಡತಿ ಸೇರಿ ನಡೆಸುವ ಒಂದು ಅಂಗಡಿ ಅಂತ ಬರೆದಿದ್ದೀರಿ, ಧೈರ್ಯವಾಗಿ ದೂರು ಕೊಡಿ. ದೂರಿನಲ್ಲಿ ಈ ಮಾತನ್ನು ಸ್ಪಷ್ಟವಾಗಿ ಬರೆಯುವುದನ್ನು ಮರೆಯಬೇಡಿ, ಎದುರು ಪಾರ್ಟಿ ಎತ್ತುವ ಮೊದಲ ತಕರಾರೇ ಇದು.

ಹಿಟ್ಟಿಗೆ ಬಂದರೆ, ಬಿಲ್ ಮತ್ತು ಪ್ಯಾಕೆಟ್ಟಿನ ತಾರೀಖು ನೋಡಿ. ಕೊಂಡ ಎರಡು ಮೂರು ದಿನದಲ್ಲಿ ಬಂದಿದ್ದಾರೆ, ತಾರೀಖು ಇನ್ನೂ ಇದೆ ಅಂದರೆ ಹುಳ ಅವರ ಮನೆಯಲ್ಲಿ ಹುಟ್ಟಿದ್ದಲ್ಲ. ತಗೊಂಡು, ಡಿಸ್ಟ್ರಿಬ್ಯೂಟರ್‌ಗೆ ದಾಟಿಸಿ. ಎರಡು ತಿಂಗಳು ಬಾಯಿ ತೆರೆದಿಟ್ಟು ಮಳೆಗಾಲದಲ್ಲಿ ತಂದರೆ, ಅದೂ ನಿಮ್ಮ ಶಿರಸಿ ಮಳೆಯಲ್ಲಿ, ಇಲ್ಲ ಅನ್ನುವ ಹಕ್ಕು ನಿಮಗಿದೆ. ಅಪ್ಪ ಇಂಥದ್ದಕ್ಕೆಲ್ಲ ವಾದ ಮಾಡುತ್ತಿರಲಿಲ್ಲ. ಪ್ಯಾಕೆಟ್ ತಗೊಂಡು ಬೇರೆ ಕೊಡುತ್ತಿದ್ದರು, ಆದರೆ ಹಾಗೆ ಮೂರನೇ ಸಲ ತಂದವರಿಗೆ ಸಾಲ ಕೊಡುವುದು ನಿಲ್ಲಿಸುತ್ತಿದ್ದರು.

ರಾಯಚೂರಿನಿಂದ: ಹೈದರಾಬಾದಿನ ಅಂಗಡಿಯಿಂದ 38,000 ಕೊಟ್ಟು ಇನ್ವರ್ಟರ್, ಬ್ಯಾಟರಿ ತಂದೆ. ಹತ್ತು ನಿಮಿಷಕ್ಕೆ ಬ್ಯಾಟರಿ ಖಾಲಿ. ಫೋನ್ ಮಾಡಿದರೆ ಎತ್ತುತ್ತಿಲ್ಲ. ಕೇಸು ಹಾಕಲು ಹೈದರಾಬಾದಿಗೇ ಓಡಾಡಬೇಕಾ? ವಕೀಲರ ಫೀಸು, ಕೋರ್ಟ್ ಫೀಸು ಸೇರಿ ಬ್ಯಾಟರಿಗಿಂತ ಜಾಸ್ತಿ ಆಗುತ್ತಲ್ವಾ?

ಓಡಾಡಬೇಕಾಗಿಲ್ಲ. ಹೊಸ ಕಾಯ್ದೆಯ ಒಳ್ಳೆಯ ಅಂಶವೇ ಇದು, ನೀವು ಇರುವ ಅಥವಾ ಕೆಲಸ ಮಾಡುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು. ರಾಯಚೂರಿನಲ್ಲಿ ಹಾಕಿ, ಅವರೇ ಬರಲಿ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ. 5 ಲಕ್ಷದವರೆಗೆ ಫೀಸು ಸೊನ್ನೆ. ವಕೀಲರು ಕಡ್ಡಾಯ ಅಲ್ಲ, ನೀವೇ ನಿಂತು ಮಾತಾಡಬಹುದು. ಹೊಟ್ಟೆಪಾಡು ವಕೀಲಿಯಾದ ನಾನೇ ಇದನ್ನು ಹೇಳುತ್ತಿದ್ದೇನೆ ಅಂದರೆ ನಂಬಿ.

ಮೊದಲು 1915ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅವರು ತೀರ್ಪು ಕೊಡುವವರಲ್ಲ, ನಿಮ್ಮ ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತಾರೆ. ದೊಡ್ಡ ಕಂಪನಿಗಳು ಇದಕ್ಕೆ ಬೇಗ ಬಗ್ಗುತ್ತವೆ, ಸಣ್ಣ ಅಂಗಡಿಯವರು ಬಗ್ಗುವುದು ಅವರವರ ಸ್ವಭಾವ. 300 ರೂಪಾಯಿಯ ಜಗಳ ಆಗಿದ್ದರೆ ಇಲ್ಲಿಗೇ ಸಾಕು ಅನ್ನುತ್ತಿದ್ದೆ. 38,000ಕ್ಕೆ ಮುಂದೆ ಹೋಗಿ.

ದೂರನ್ನು ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು, ಅದು 2025ರ ಜನವರಿಯಲ್ಲಿ ಶುರುವಾಗಿದೆ. ಬರೆಯುವಾಗ ಕಥೆ ಬೇಡ, ತಾರೀಖು ಬೇಕು. ಯಾವತ್ತು ಕೊಂಡೆ, ಎಷ್ಟು ಕೊಟ್ಟೆ, ಯಾವತ್ತು ಕೆಟ್ಟಿತು, ಯಾವತ್ತು ಹೇಳಿದೆ, ಅವರೇನು ಅಂದರು. ಕೊನೆಗೆ ಏನು ಬೇಕು ಅಂತ ಕೇಳಿ: ಹಣ, ಬಡ್ಡಿ, ಓಡಾಟದ ಖರ್ಚು, ಮಾನಸಿಕ ಕಿರಿಕಿರಿಗೆ ಪರಿಹಾರ. 38,000ದ ಬ್ಯಾಟರಿಗೆ ಹತ್ತು ಲಕ್ಷ ಪರಿಹಾರ ಕೇಳಿದರೆ ಅಲ್ಲಿ ಕೂತವರು ಕನ್ನಡಕದ ಮೇಲಿಂದ ನೋಡುತ್ತಾರೆ, ಅದು ಬೇಡ. ಫೋನ್ ಎತ್ತದವರಿಗೆ ವಾಟ್ಸ್ಆ್ಯಪ್‌ನಲ್ಲಿ ಬರೆದು ಹಾಕಿ, ಎರಡು ನೀಲಿ ಗೆರೆ ಬಂದರೆ ಸ್ಕ್ರೀನ್‌ಶಾಟ್ ತೆಗೆಯಿರಿ. ಬ್ಯಾಟರಿ ಹತ್ತು ನಿಮಿಷಕ್ಕೆ ಆರುವುದನ್ನು ಗೋಡೆ ಗಡಿಯಾರ ಕಾಣುವ ಹಾಗೆ ವಿಡಿಯೋ ಮಾಡಿಟ್ಟುಕೊಳ್ಳಿ.

ಸಮಯದ ಬಗ್ಗೆ ಸುಳ್ಳು ಭರವಸೆ ಕೊಡಲ್ಲ. ಎದುರಿನವರು 30 ದಿನದಲ್ಲಿ, ಹೆಚ್ಚೆಂದರೆ ಇನ್ನೂ 15 ದಿನದಲ್ಲಿ ಉತ್ತರ ಕೊಡಬೇಕು. ನೋಟಿಸ್ ತಲುಪಿದ ಮೂರು ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಇದ್ದರೆ ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ನಾನು ಕಂಡ ಹಾಗೆ ವರ್ಷ ದಾಟುವುದು ಮಾಮೂಲಿ. ಆದರೆ ಆದೇಶ ಬಂದ ಮೇಲೆ ಪಾಲಿಸದಿದ್ದರೆ ಒಂದು ತಿಂಗಳಿಂದ ಮೂರು ವರ್ಷ ಜೈಲು ಅಥವಾ 25,000ದಿಂದ ಒಂದು ಲಕ್ಷದವರೆಗೆ ದಂಡ, ಎರಡೂ ಬೀಳಬಹುದು. ಎಷ್ಟೋ ಸಲ ಆಯೋಗದ ನೋಟಿಸ್ ಕೈಗೆ ಬಿದ್ದ ಕೂಡಲೇ ‘ಬನ್ನಿ ಸರ್, ಹೊಸ ಬ್ಯಾಟರಿ ಕೊಡ್ತೀವಿ’ ಅಂತ ಫೋನ್ ಬರುತ್ತೆ. ಬಂದರೆ, ಬ್ಯಾಟರಿ ಕೈಗೆ ಬರುವ ತನಕ ದೂರು ವಾಪಸ್ ತಗೋಬೇಡಿ. ಇದಕ್ಕೆಲ್ಲ ಗಡುವು ಎರಡು ವರ್ಷ, ತೊಂದರೆ ಶುರುವಾದ ದಿನದಿಂದ ಲೆಕ್ಕ.

ಮಂಡ್ಯದಿಂದ, ಒಂಬತ್ತನೇ ಕ್ಲಾಸಿನ ಓದುಗ: ಆಂಟಿ, ನಮ್ಮ ಬೀದಿ ಅಂಗಡೀಲಿ ಚಿಲ್ಲರೆ ಬದಲು ಚಾಕಲೇಟ್ ಕೊಡ್ತಾರೆ. ಅದೇ ಚಾಕಲೇಟನ್ನ ನಾವು ದುಡ್ಡಿನ ಬದಲು ಕೊಟ್ರೆ ತಗೋಬೇಕಲ್ವಾ?

ನಿನ್ನ ತಲೆಗೆ ಶರಣು ಮರಿ. ನಾನು ಒಮ್ಮೆ ಮಾಡಿ ನೋಡಿದ್ದೇನೆ. ಡಬ್ಬಿಯಲ್ಲಿ ಕೂಡಿಟ್ಟ ಹತ್ತು ಚಾಕಲೇಟ್ ಒಯ್ದು ಕೌಂಟರ್ ಮೇಲೆ ಸುರಿದು, ಹತ್ತು ರೂಪಾಯಿ ಬಿಸ್ಕೆಟ್ ಕೊಡಿ ಅಂದೆ. ಅಂಗಡಿಯವರು ನಗುತ್ತಾ ಒಂದೊಂದಾಗಿ ಎಣಿಸಿಕೊಂಡರು. ಒಂಬತ್ತು ತಗೊಂಡು, ಒಂದನ್ನು ‘ಇದರ ಕವರ್ ಬಿಚ್ಚಿದೆ ಮೇಡಂ, ವಾಪಸ್ ತಗೊಳಲ್ಲ’ ಅಂತ ನನ್ನ ಕಡೆ ತಳ್ಳಿದರು.